ಮಿಕ್ಕಿ ಜೊತೆ ಬೆಳಗಿನ ತಿಂಡಿ: ಅಷ್ಟು ದುಡ್ಡು ಕೊಡಬಹುದಾ?

ನೀಲಿಬಾಗಿಲು

ನವೆಂಬರ್ ಮೊದಲ ವಾರ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗುತ್ತಿದ್ದೇವೆ. ನಾವಿಬ್ಬರು, 7 ವರ್ಷದ ಮಗಳು, ಎರಡೂವರೆ ವರ್ಷದ ಮಗ, ಜೊತೆಗೆ ನಮ್ಮ ಅತ್ತೆ. ಆರು ದಿನ ಇರುತ್ತೇವೆ, ಅದರಲ್ಲಿ ನಾಲ್ಕು ದಿನಕ್ಕೆ ಪಾರ್ಕ್ ಟಿಕೆಟ್ ತೆಗೆದುಕೊಂಡಿದ್ದೇವೆ. ಮಗಳು ಅವಳ ಗೆಳತಿಯ ಫೋಟೋ ನೋಡಿದ್ದಾಳೆ, ಮಿಕ್ಕಿ ಅವರ ಮೇಜಿನ ಹತ್ತಿರ ಬಂದು ನಿಂತಿರುವ ಫೋಟೋ. ಅಲ್ಲಿನ ಕೆಲವು ರೆಸ್ಟೋರೆಂಟುಗಳಲ್ಲಿ ಡಿಸ್ನಿ ಪಾತ್ರಗಳ ವೇಷ ಹಾಕಿದವರು ತಿಂಡಿ ತಿನ್ನುವವರ ಮೇಜಿಗೇ ಬರುತ್ತಾರಂತೆ. ಅವತ್ತಿನಿಂದ ಒಂದೇ ಮಾತು, ನಾವೂ ಅಲ್ಲೇ ತಿಂಡಿ ತಿನ್ನಬೇಕು ಅಂತ.

ಬೆಲೆ ನೋಡಿ ಎದೆ ಧಸಕ್ಕೆಂದಿತು. ಬೆಳಗಿನ ತಿಂಡಿಗೆ ಒಬ್ಬೊಬ್ಬರಿಗೆ 50 ಡಾಲರ್ ಮೇಲೆ! ನಾವು ಉಳಿಯುವ ಕೋಣೆಯಲ್ಲಿ ಫ್ರಿಜ್ ಇದೆ, ಹಾಲು, ಬ್ರೆಡ್ಡು, ಹಣ್ಣು ತಂದಿಟ್ಟುಕೊಂಡರೆ ಐದೂ ಜನರ ತಿಂಡಿ ಹತ್ತು ಹದಿನೈದು ಡಾಲರ್‌ನಲ್ಲಿ ಮುಗಿಯುತ್ತದೆ. ನನ್ನ ಗಂಡ ಬೇಡವೇ ಬೇಡ ಅನ್ನುತ್ತಿದ್ದಾರೆ. ನನಗೆ ಮಗಳ ಮುಖ ನೋಡಿದರೆ ಇಲ್ಲ ಅನ್ನಲು ಬಾಯಿ ಬರುತ್ತಿಲ್ಲ. ಹೋಗಿ ಬಂದವರು ದಯವಿಟ್ಟು ನಿಜ ಹೇಳಿ. ಅಷ್ಟು ಕೊಟ್ಟಿದ್ದಕ್ಕೆ ಏನು ಸಿಕ್ಕಿತು?

ಲೆಕ್ಕದಪುಸ್ತಕ

ಮೊದಲು ಪೂರ್ತಿ ಲೆಕ್ಕ ಹಾಕೋಣ. ಹೆಚ್ಚಿನವರು ಮೆನುವಿನ ಬೆಲೆ ಮಾತ್ರ ನೋಡಿ ಹೋಗುತ್ತಾರೆ, ಬಿಲ್ ಬಂದಾಗ ಗಾಬರಿಯಾಗುತ್ತಾರೆ.

ಅಲ್ಲಿ 10 ವರ್ಷ ತುಂಬಿದವರೆಲ್ಲ ದೊಡ್ಡವರು. 3ರಿಂದ 9 ವರ್ಷದವರಿಗೆ ಮಕ್ಕಳ ಬೆಲೆ. 3 ತುಂಬದ ಮಗುವಿಗೆ ದುಡ್ಡಿಲ್ಲ, ಪಾರ್ಕ್ ಟಿಕೆಟ್ಟೂ ಬೇಡ. ಹಾಗಾಗಿ ನಿಮ್ಮ ಮಗನದು ಬಿಡಿ. ಮೂರು ಜನ ದೊಡ್ಡವರು, ತಲೆಗೆ 50 ಅಂತಲೇ ಹಿಡಿದರೂ 150. ಮಗಳಿಗೆ 30 ಅಂತ ಹಿಡಿಯಿರಿ. 180 ಆಯಿತು. ಇದರ ಮೇಲೆ ತೆರಿಗೆ 6.5 ಶೇಕಡಾ, ಸುಮಾರು 12 ಡಾಲರ್. ಟಿಪ್ 18 ಶೇಕಡಾ ಕೊಟ್ಟರೆ ಇನ್ನೊಂದು 32. ಒಟ್ಟು 224. ಇದು ಕಡಿಮೆ ಕಡಿಮೆ ಹಿಡಿದ ಲೆಕ್ಕ. ಪಾರ್ಕಿನ ಕೋಟೆಯೊಳಗಿನ ಸಿಂಡರೆಲ್ಲಾಸ್ ರಾಯಲ್ ಟೇಬಲ್ ಅನ್ನುವ ರೆಸ್ಟೋರೆಂಟ್ ಆದರೆ ಇದಕ್ಕಿಂತ ಎಷ್ಟೋ ಜಾಸ್ತಿ. ಆರು ಜನ ಅಥವಾ ಮೇಲೆ ಇದ್ದರೆ ಟಿಪ್ಪನ್ನು ಬಿಲ್‌ನಲ್ಲೇ ಸೇರಿಸುತ್ತಾರೆ, ನೀವು ಐದು ಜನ, ಅದು ನಿಮ್ಮ ಕೈಯಲ್ಲೇ ಇದೆ.

ಈಗ ನನ್ನ ಮಾತು. ಕೋಣೆಯ ಬ್ರೆಡ್ಡಿನ ಜೊತೆ ಇದನ್ನು ಹೋಲಿಸಬೇಡಿ. ಪಾರ್ಕಿನಲ್ಲಿ ಕೌಂಟರ್ ಮುಂದೆ ನಿಂತು ನಾಲ್ಕು ಜನ ತಿಂಡಿ ತಿಂದರೂ 50 ಡಾಲರ್ ಹತ್ತಿರ ಹೋಗುತ್ತದೆ. ಹೊಟ್ಟೆ ತುಂಬ ತಿಂದರೆ ಮಧ್ಯಾಹ್ನದ ಊಟವೂ ಉಳಿಯುತ್ತದೆ, ಸ್ವಲ್ಪ ಹಣ್ಣು, ಬಿಸ್ಕತ್ತಿನಲ್ಲಿ ಸಂಜೆವರೆಗೆ ತಳ್ಳಬಹುದು. ಹಾಗೆ ನೋಡಿದರೆ ಮಿಕ್ಕಿಗೆ ಅಂತ ನೀವು ಕೊಡುವುದು ಸುಮಾರು 130ರಿಂದ 170 ಡಾಲರ್. ಈ ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ಮಗಳಿಗೆ ಮಿಕ್ಕಿಯನ್ನೂ ಅವನ ಮೂರು ನಾಲ್ಕು ಗೆಳೆಯರನ್ನೂ ಸಾಲಿನಲ್ಲಿ ನಿಲ್ಲದೆ ನೋಡಲು 150 ಡಾಲರ್ ಕೊಡುತ್ತೀರಾ?

ಬೇಸಿಗೆಮಳೆ

ಕೊಡುತ್ತೇನೆ. ಎರಡನೇ ಸಲ ಕೇಳಿದರೂ ಕೊಡುತ್ತೇನೆ.

ಯಾಕೆ ಅಂದರೆ ನಾವು ಮೊದಲ ಸಲ ಹೋದಾಗ ಕೊಡಲಿಲ್ಲ. ದುಡ್ಡು ಉಳಿಸಿದೆವು ಅಂತ ಖುಷಿಪಟ್ಟೆವು. ಆಮೇಲೆ ಪಾರ್ಕಿನಲ್ಲಿ ಒಂದೊಂದು ಪಾತ್ರದ ಮುಂದೆಯೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಲು. ಮಗಳು ನಾಲ್ಕು ಜನರನ್ನು ನೋಡಬೇಕು ಅಂದಳು, ಅಲ್ಲಿಗೆ ಅರ್ಧ ದಿನ ಹೋಯಿತು. ಒಂದು ದಿನದ ಟಿಕೆಟ್ಟೇ 100 ಡಾಲರ್ ಮೇಲೆ ಇರುವ ಜಾಗದಲ್ಲಿ ಅರ್ಧ ದಿನ ಅಂದರೆ ಎಷ್ಟು ದುಡ್ಡು ಅಂತ ನೀವೇ ಲೆಕ್ಕ ಹಾಕಿ. ಅದೂ ಬಿಸಿಲಿನಲ್ಲಿ, ಅಳುವ ಮಗುವನ್ನು ಎತ್ತಿಕೊಂಡು.

ಮುಂದಿನ ಸಲ ತಿಂಡಿಗೆ ಹೋದೆವು. ಕೂತಿದ್ದೆವು, ಕಾಫಿ ಕುಡಿಯುತ್ತಿದ್ದೆವು, ಅವರೇ ಬಂದರು. ಒಬ್ಬೊಬ್ಬರಾಗಿ ಬಂದರು. ನನ್ನ ಮಗಳು ಕುರ್ಚಿಯಿಂದ ಇಳಿದು ಓಡಿ ಹೋಗಿ ಗೂಫಿಯ ಕಾಲು ಹಿಡಿದುಕೊಂಡಳು. ಅವಸರ ಮಾಡುವವರು ಯಾರೂ ಇರಲಿಲ್ಲ. ಸಾಲಿನ ಕೊನೆಯಲ್ಲಿ ಭೇಟಿಯಾಗುವುದಕ್ಕೂ ಇದಕ್ಕೂ ಅಜಗಜಾಂತರ.

ಮುಂಜಾನೆ_ನಾಲ್ಕು

ಬೇಸಿಗೆಮಳೆ ಹೇಳಿದ್ದು ಸರಿ, ಆದರೆ ಅರ್ಧ ಸರಿ. ಸಮಯ ಉಳಿಯುತ್ತದೆ ಅನ್ನುವುದು ತಿಂಡಿಯನ್ನು ಯಾವ ದಿನ, ಎಷ್ಟು ಗಂಟೆಗೆ ಇಟ್ಟುಕೊಳ್ಳುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಇದನ್ನು ನಾನು ಕಷ್ಟಪಟ್ಟು ಕಲಿತೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಯಾವ ಪಾರ್ಕೇ ಆಗಲಿ, ಬಾಗಿಲು ತೆರೆದ ಮೊದಲ ಒಂದೂವರೆ ಗಂಟೆ ಚಿನ್ನ. ಡಿಸ್ನಿ ಹೋಟೆಲಿನಲ್ಲಿ ಉಳಿದವರನ್ನು ಅರ್ಧ ಗಂಟೆ ಮುಂಚೆಯೇ ಒಳಗೆ ಬಿಡುತ್ತಾರೆ, ಆ ಹೊತ್ತಿನಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಸಿಗುವ ಸವಾರಿಗೆ ಹನ್ನೊಂದು ಗಂಟೆಗೆ ಒಂದು ಗಂಟೆಯ ಸಾಲು ಇರುತ್ತದೆ. ನಾವು ಏನು ಮಾಡಿದೆವು ಅಂದರೆ ಪಾರ್ಕಿನೊಳಗಿನ ಒಂದು ರೆಸ್ಟೋರೆಂಟಿನಲ್ಲಿ ಎಂಟೂವರೆಗೆ ತಿಂಡಿ ಬುಕ್ ಮಾಡಿದೆವು. ಮೇಜು ಸಿಗಲು ಇಪ್ಪತ್ತು ನಿಮಿಷ ಕಾದೆವು. ತಿಂದು, ಎಲ್ಲ ಪಾತ್ರಗಳೂ ಬಂದು ಹೋಗಿ, ಬಿಲ್ ಕೊಟ್ಟು ಹೊರಗೆ ಬಂದಾಗ ಹತ್ತೂಕಾಲು. ಹೊರಗೆ ಜಾತ್ರೆ! ಅವತ್ತು ಮಧ್ಯಾಹ್ನ ಎರಡರವರೆಗೆ ನಾವು ಹತ್ತಿದ್ದು ಎರಡೇ ಸವಾರಿ. ತಿಂಡಿಗೆ ಕೊಟ್ಟ ದುಡ್ಡು ಒಂದು, ಟಿಕೆಟ್ಟಿನಲ್ಲಿ ಕಳೆದುಕೊಂಡ ಬೆಳಗ್ಗೆ ಇನ್ನೊಂದು. ಎರಡು ಸಲ ಕೊಟ್ಟಂತಾಯಿತು.

ನಿಮಗೆ ಆರು ದಿನ, ನಾಲ್ಕು ಟಿಕೆಟ್. ಅಂದರೆ ಎರಡು ದಿನ ಪಾರ್ಕ್ ಇಲ್ಲ. ಆ ಎರಡರಲ್ಲಿ ಒಂದು ದಿನ ಇಡಿ. ಪಾರ್ಕಿನ ಹೊರಗೆ, ಡಿಸ್ನಿಯ ಹೋಟೆಲುಗಳಲ್ಲೇ ಇಂಥ ತಿಂಡಿ ಇದೆ. ಅಲ್ಲಿಗೆ ಹೋಗಲು ಪಾರ್ಕ್ ಟಿಕೆಟ್ ಬೇಡ. ನೀವು ಆ ಹೋಟೆಲಿನಲ್ಲಿ ಉಳಿದಿರಬೇಕು ಅಂತಲೂ ಇಲ್ಲ. ಕಾರಿನಲ್ಲಿ ಹೋದರೆ ಗೇಟಿನಲ್ಲಿ ಬುಕಿಂಗ್ ಇದೆ ಅಂತ ಹೇಳಿ, ಒಳಗೆ ಬಿಡುತ್ತಾರೆ. ಟಿಕೆಟ್ ಇಲ್ಲದ ದಿನವೂ ಮಕ್ಕಳಿಗೆ ಡಿಸ್ನಿ ದಿನ ಅನ್ನಿಸುತ್ತದೆ. ಹಾಗೆ ಇಟ್ಟುಕೊಂಡರೆ ನಾನು ಖಂಡಿತ ಹೌದು ಅನ್ನುತ್ತೇನೆ. ಪಾರ್ಕ್ ದಿನದ ಬೆಳಗ್ಗೆ ಎಂಟೂವರೆಗೆ ಅಂದರೆ ಬೇಡ.

ಕಾಗದದದೋಣಿ

ನಾನು ಬೇಡ ಅನ್ನುವ ಕಡೆ. ಬೇಜಾರು ಮಾಡಿಕೊಳ್ಳಬೇಡಿ.

ಪಾತ್ರಗಳನ್ನು ನೋಡಲು ಬೇರೆ ದುಡ್ಡು ಕೊಡಲೇಬೇಕು ಅಂತ ಜನ ಅಂದುಕೊಂಡುಬಿಡುತ್ತಾರೆ. ಟಿಕೆಟ್ಟಿನಲ್ಲೇ ಬರುತ್ತದೆ. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಬಾಗಿಲಿನ ಹತ್ತಿರವೇ ಟೌನ್ ಸ್ಕ್ವೇರ್ ಥಿಯೇಟರ್ ಇದೆ, ಅಲ್ಲಿ ಮಿಕ್ಕಿ ಸಿಗುತ್ತಾನೆ. ಒಳಗೆ ಎಸಿ ಇದೆ, ಬಿಸಿಲಿಲ್ಲ. ರಾಜಕುಮಾರಿಯರಿಗೆ ಪ್ರಿನ್ಸೆಸ್ ಫೇರಿಟೇಲ್ ಹಾಲ್. ಫ್ರೋಜನ್ ಸಿನಿಮಾದ ಆನಾ, ಎಲ್ಸಾ ಬೇಕಾದರೆ ಎಪ್ಕಾಟ್ ಪಾರ್ಕಿನ ನಾರ್ವೆ ವಿಭಾಗದಲ್ಲಿ ರಾಯಲ್ ಸೊಮರ್‌ಹುಸ್. ಮಧ್ಯಾಹ್ನದ ಮೆರವಣಿಗೆಯಲ್ಲಂತೂ ಎಲ್ಲರೂ ಕೈ ಬೀಸುತ್ತಾ ಹೋಗುತ್ತಾರೆ. ನೀವು ಹೋಗುವುದು ನವೆಂಬರ್ ಮೊದಲ ವಾರ. ಕ್ರಿಸ್‌ಮಸ್ ವಾರದ ಜನ ಇರುವುದಿಲ್ಲ. ಸಾಲು ಚಿಕ್ಕದಿದ್ದರೆ ಸಾಲು ತಪ್ಪಿಸಿಕೊಳ್ಳಲು ಕೊಡುವ ದುಡ್ಡಿನ ಬೆಲೆಯೂ ಕಡಿಮೆ ಅಲ್ವಾ?

ನಮ್ಮ ಮಗನಿಗೆ ಆಗ ಆರು ವರ್ಷ. ವಾಪಸ್ ಬರುವಾಗ ಏನು ಇಷ್ಟವಾಯಿತು ಅಂತ ಕೇಳಿದೆ. ಈಜುಕೊಳ ಅಂದ. ಎರಡನೆಯದು? ಮೋನೊರೈಲು. ಎರಡಕ್ಕೂ ನಾವು ಬೇರೆಯಾಗಿ ಒಂದು ಪೈಸೆ ಕೊಟ್ಟಿರಲಿಲ್ಲ. ಅದೇ ಪ್ರವಾಸದಲ್ಲಿ ಇಂಥ ತಿಂಡಿಗೆ ನಾವು ಕೊಟ್ಟ 180 ಡಾಲರ್ ಅವನ ಪಟ್ಟಿಯಲ್ಲೇ ಇರಲಿಲ್ಲ.

ಬೇಸಿಗೆಮಳೆ

ಕಾಗದದದೋಣಿ, ನಿಮ್ಮ ಮಗ ತಾನಾಗಿ ಕೇಳಿದ್ದನಾ? ಇಲ್ಲಿ ಹುಡುಗಿ ತಾನೇ ಕೇಳುತ್ತಿದ್ದಾಳೆ, ತಿಂಗಳುಗಟ್ಟಲೆ ಕೇಳುತ್ತಿದ್ದಾಳೆ. ಅದು ದೊಡ್ಡ ವ್ಯತ್ಯಾಸ ಅಂತ ನನಗೆ ಅನ್ನಿಸುತ್ತದೆ.

ಕಾಗದದದೋಣಿ

ಇಲ್ಲ, ಅವನು ಕೇಳಿರಲಿಲ್ಲ. ನಾವೇ ಅವನಿಗೆ ಇಷ್ಟವಾಗುತ್ತದೆ ಅಂತ ಮಾಡಿದ್ದು. ನೀವು ಹೇಳಿದ್ದು ಒಪ್ಪುತ್ತೇನೆ. ಕೇಳಿದ ಮಗುವಿಗೆ ಮಾಡುವುದೇ ಬೇರೆ, ಕೇಳದ ಮಗುವಿಗೆ ಮಾಡುವುದೇ ಬೇರೆ.

ಹೂಬಿಸಿಲು

ಎರಡೂವರೆ ವರ್ಷದ ಮಗನ ಬಗ್ಗೆ ಯಾರೂ ಮಾತಾಡಲಿಲ್ಲ. ಅದನ್ನು ಹೇಳುತ್ತೇನೆ.

ಟಿವಿಯಲ್ಲಿ ಅಂಗೈಯಷ್ಟು ಕಾಣುವ ಮಿಕ್ಕಿ ಎದುರಿಗೆ ಬಂದಾಗ ಆ ಮಗುವಿಗಿಂತ ಎರಡು ಪಟ್ಟು ಎತ್ತರ. ತಲೆಯೇ ಅಷ್ಟು ದೊಡ್ಡದು. ಮಾತೂ ಆಡುವುದಿಲ್ಲ. ಮಿಕ್ಕಿ, ಡೊನಾಲ್ಡ್, ಪ್ಲೂಟೊ ತರಹದವರು ಬರೀ ಸನ್ನೆ ಮಾಡುತ್ತಾರೆ. ರಾಜಕುಮಾರಿಯರಾದರೆ ಮುಖ ಕಾಣುತ್ತದೆ, ಹೆಸರು ಕೇಳಿ ಮಾತಾಡಿಸುತ್ತಾರೆ. ನನ್ನ ಮಗಳಿಗೆ ಎರಡು ವರ್ಷವಿದ್ದಾಗ ಮೊದಲ ಪಾತ್ರ ಬಂದ ಕೂಡಲೇ ಮೇಜಿನ ಕೆಳಗೆ ಹೋಗಿ ಕೂತುಬಿಟ್ಟಳು. ಇಡೀ ತಿಂಡಿ ಅಲ್ಲೇ ತಿಂದಳು. ನನ್ನ ಗಂಡನೂ ಅವಳ ಜೊತೆ ನೆಲದ ಮೇಲೆ.

ಆದರೆ ಒಂದು ಮಾತು ಹೇಳಲೇಬೇಕು. ಆ ವೇಷ ಹಾಕಿದವರಿಗೆ ಮಕ್ಕಳ ಭಯ ಗೊತ್ತು. ಹತ್ತಿರ ಬರಲಿಲ್ಲ. ಅಷ್ಟು ದೂರದಲ್ಲೇ ಮೊಣಕಾಲೂರಿ ಕೂತು, ತಾವೇ ಕಣ್ಣು ಮುಚ್ಚಿಕೊಂಡು ಇಣುಕಿ ನೋಡುವ ಆಟ ಆಡಿದರು. ಕೊನೆಗೆ ಅವಳು ಮೇಜಿನ ಕೆಳಗಿನಿಂದ ಕೈ ಚಾಚಿ ಬೆರಳು ಮುಟ್ಟಿದಳು. ಅಷ್ಟೇ. ನನಗೆ ಆ ಒಂದು ಕ್ಷಣ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಹಾಗಾಗಿ ಮೊದಲ ದಿನವೇ ತಿಂಡಿ ಇಡಬೇಡಿ. ಪಾರ್ಕಿನಲ್ಲಿ ದೂರದಿಂದ ಒಂದೆರಡು ಪಾತ್ರ ನೋಡಲಿ. ಮಗ ಅತ್ತರೆ ಯಾರಾದರೂ ಒಬ್ಬರು ಎತ್ತಿಕೊಂಡು ಹೊರಗೆ ಹೋಗುವುದು ಅಂತ ಮೊದಲೇ ಮಾತಾಡಿಕೊಳ್ಳಿ, ಮಗಳ ಖುಷಿ ಕೆಡಬಾರದು.

ನೀಲಿಬಾಗಿಲು

ಇಷ್ಟು ಬೇಗ ಇಷ್ಟೊಂದು ಉತ್ತರ! ತುಂಬಾ ಥ್ಯಾಂಕ್ಸ್. ಗಂಡನಿಗೂ ಓದಿ ಹೇಳಿದೆ. ಪಾರ್ಕ್ ಇಲ್ಲದ ದಿನ ಅಂದ ಕೂಡಲೇ ಸ್ವಲ್ಪ ಮೆತ್ತಗಾದರು. ಇನ್ನೆರಡು ಪ್ರಶ್ನೆ. ಅತ್ತೆಗೆ ಮೊಣಕಾಲು ನೋವು, ತಟ್ಟೆ ಹಿಡಿದು ಬಫೆಯಲ್ಲಿ ಓಡಾಡಲು ಆಗುವುದಿಲ್ಲ. ಅವರು ಮಾಂಸ, ಮೊಟ್ಟೆ ಎರಡೂ ತಿನ್ನುವುದಿಲ್ಲ. ಅವರಿಗೂ ಪೂರ್ತಿ ದುಡ್ಡು ಕೊಟ್ಟು ಬರೀ ಹಣ್ಣು ತಿನ್ನಿಸಿದರೆ ನನಗೇ ಕಸಿವಿಸಿ. ಮತ್ತೆ, ಯಾವ ಜಾಗ?

ಮುಂಜಾನೆ_ನಾಲ್ಕು

ಹೋಟೆಲುಗಳಲ್ಲಿ ಇರುವುದನ್ನು ಹೇಳುತ್ತೇನೆ, ಪಾರ್ಕಿನೊಳಗಿನದು ಬಿಡೋಣ.

ಷೆಫ್ ಮಿಕ್ಕೀಸ್. ಕಂಟೆಂಪರರಿ ಹೋಟೆಲಿನಲ್ಲಿ. ಇದು ಎಲ್ಲರಿಗೂ ಗೊತ್ತಿರುವ ಜಾಗ. ಮಿಕ್ಕಿ, ಮಿನ್ನಿ, ಡೊನಾಲ್ಡ್, ಗೂಫಿ, ಪ್ಲೂಟೊ ಐದೂ ಜನ ಬರುತ್ತಾರೆ. ಬಫೆ. ತಲೆಯ ಮೇಲೆ ಹೋಟೆಲಿನ ಕಟ್ಟಡದೊಳಗೇ ಮೋನೊರೈಲು ಹಾದುಹೋಗುತ್ತದೆ, ಮಕ್ಕಳಿಗೆ ಅದೇ ಒಂದು ಆಟ. ಗಲಾಟೆ ಜಾಸ್ತಿ. ಕರವಸ್ತ್ರ ತಿರುಗಿಸಿ ಕುಣಿಯುವುದು, ಚಪ್ಪಾಳೆ, ಹಾಡು ಎಲ್ಲ ಇರುತ್ತದೆ.

ಕೇಪ್ ಮೇ ಕೆಫೆ, ಬೀಚ್ ಕ್ಲಬ್ ಹೋಟೆಲಿನಲ್ಲಿ. ಅಲ್ಲಿ ಮಿನ್ನಿ ಮತ್ತು ಗೆಳೆಯರು ಕಡಲತೀರದ ಬಟ್ಟೆಯಲ್ಲಿ. ಇದೂ ಬಫೆ. ಒಹಾನಾ ಪಾಲಿನೇಷಿಯನ್ ಹೋಟೆಲಿನಲ್ಲಿದೆ, ಲೀಲೋ ಮತ್ತು ಸ್ಟಿಚ್ ಇಷ್ಟಪಡುವ ಮಕ್ಕಳಿದ್ದರೆ ಅಲ್ಲಿಗೇ ಹೋಗಿ, ಮಿಕ್ಕಿಯೂ ಬರುತ್ತಾನೆ. ದೊಡ್ಡ ಬಾಣಲೆಯಲ್ಲಿ ಮೇಜಿಗೇ ತಂದು ಕೊಡುತ್ತಾರೆ, ಮನೆಮಂದಿ ಹಂಚಿಕೊಂಡು ತಿನ್ನುವುದು.

ನಿಮ್ಮ ಮನೆಗೆ ನಾನು ಹೇಳುವುದು ಟೊಪೊಲಿನೋಸ್ ಟೆರೇಸ್. ರಿವಿಯೆರಾ ಹೋಟೆಲಿನ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿದೆ, 2019ರಲ್ಲಿ ಶುರುವಾಗಿದ್ದು. ಇಟಲಿಯಲ್ಲಿ ಮಿಕ್ಕಿಯನ್ನು ಟೊಪೊಲಿನೊ ಅಂತ ಕರೆಯುತ್ತಾರೆ, ಹೆಸರು ಅಲ್ಲಿಂದ ಬಂದದ್ದು. ಇಲ್ಲಿ ಬಫೆ ಇಲ್ಲ. ಮೇಜಿಗೆ ಒಂದು ಬುಟ್ಟಿ ಬ್ರೆಡ್ಡು, ಪೇಸ್ಟ್ರಿ ಬರುತ್ತದೆ, ಆಮೇಲೆ ಒಬ್ಬೊಬ್ಬರೂ ಮೆನು ನೋಡಿ ತಮಗೆ ಬೇಕಾದ್ದು ಹೇಳಬಹುದು. ಅತ್ತೆ ಕುರ್ಚಿಯಿಂದ ಏಳಬೇಕಾಗಿಲ್ಲ. ಇನ್ನೊಂದು ಅನುಕೂಲವನ್ನು ಜನ ಗಮನಿಸುವುದಿಲ್ಲ: ಬಫೆ ಇದ್ದರೆ ನೀವು ತಟ್ಟೆ ತುಂಬಲು ಹೋದಾಗಲೇ ಪಾತ್ರ ಮೇಜಿಗೆ ಬಂದು ಹೋಗಿರುತ್ತದೆ. ಇಲ್ಲಿ ಎಲ್ಲರೂ ಮೇಜಿನಲ್ಲೇ ಇರುತ್ತೀರಿ. ಮಿಕ್ಕಿ ಚಿತ್ರಕಾರ, ಮಿನ್ನಿ ಕವಿ, ಡೊನಾಲ್ಡ್ ಶಿಲ್ಪಿ, ಡೇಸಿ ನರ್ತಕಿ. ನಾಲ್ಕೂ ಜನರ ಬಟ್ಟೆ ಬೇರೆಲ್ಲೂ ಕಾಣದಂಥದ್ದು.

ಹಸಿರೆಲೆ

ಊಟದ ವಿಷಯ ನನಗೆ ಬಿಡಿ, ನಾನೂ ಮೊಟ್ಟೆ ತಿನ್ನುವುದಿಲ್ಲ.

ಡಿಸ್ನಿ ಮೆನುಗಳಲ್ಲಿ 2019ರಿಂದ ಒಂದು ಎಲೆಯ ಗುರುತು ಹಾಕುತ್ತಾರೆ. ಆ ಗುರುತು ಇದ್ದರೆ ಮಾಂಸ, ಹಾಲು, ಮೊಟ್ಟೆ, ಜೇನು ಏನೂ ಇಲ್ಲದ ತಿನಿಸು ಅಂತ ಅರ್ಥ. ಮೆನುವಿನಲ್ಲಿ ಮೊದಲು ಅದನ್ನು ಹುಡುಕಿ. ಮಿಕ್ಕಿ ಆಕಾರದ ವಾಫಲ್ ನೋಡಿ ಮೋಸ ಹೋಗಬೇಡಿ, ಮಾಮೂಲಿ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ಪೇಸ್ಟ್ರಿಯಲ್ಲೂ ಅಷ್ಟೆ. ಬುಕ್ ಮಾಡುವಾಗಲೇ ಮೊಟ್ಟೆ ಆಗುವುದಿಲ್ಲ ಅಂತ ಬರೆಯಿರಿ, ಕೂತ ಕೂಡಲೇ ಬಡಿಸುವವರಿಗೆ ಇನ್ನೊಂದು ಸಲ ಹೇಳಿ. ಅಡುಗೆಯವರನ್ನೇ ಮಾತಾಡಿಸಬೇಕು ಅಂದರೆ ಕರೆಯುತ್ತಾರೆ. ಸಂಕೋಚ ಮಾಡಿಕೊಳ್ಳಬೇಡಿ. ನಾನು ಮೊದಲ ಸಲ ಸುಮ್ನೆ ಕೂತು ಹಣ್ಣು ತಿಂದು ಎದ್ದು ಬಂದೆ, 40 ಡಾಲರ್‌ನ ಕಲ್ಲಂಗಡಿ! ಎರಡನೇ ಸಲ ಕೇಳಿದೆ, ಬಿಸಿಬಿಸಿ ತಟ್ಟೆಯೇ ಬಂತು.

ಇನ್ನೂ ನೇರವಾಗಿ ಹೇಳಬೇಕು ಅಂದರೆ, ರುಚಿಗೆ ಅಂತ ಈ ದುಡ್ಡು ಕೊಡಬೇಡಿ. ತಿಂಡಿ ಚೆನ್ನಾಗಿಯೇ ಇರುತ್ತದೆ, 50 ಡಾಲರ್‌ನಷ್ಟು ಚೆನ್ನಾಗಿ ಎಲ್ಲೂ ಇರುವುದಿಲ್ಲ.

ತೆರೆದಕಿಟಕಿ

ನಾನು ಸಾಮಾನ್ಯವಾಗಿ ಓದಿ ಸುಮ್ಮನಿರುತ್ತೇನೆ. ಇದಕ್ಕೆ ಬರೆಯಲೇಬೇಕು ಅನ್ನಿಸಿತು.

ನನ್ನ ಮಗ ಆಟಿಸಂ ಇರುವ ಹುಡುಗ. ಸಾಲಿನಲ್ಲಿ ನಿಲ್ಲುವುದು ಅವನಿಂದ ಆಗುವುದೇ ಇಲ್ಲ. ಹಿಂದೆ ಮುಂದೆ ಜನ, ಸದ್ದು, ಯಾವಾಗ ಮುಗಿಯುತ್ತದೆ ಅಂತ ಗೊತ್ತಿಲ್ಲ, ಐದು ನಿಮಿಷದಲ್ಲಿ ಅವನಿಗೆ ಉಸಿರು ಕಟ್ಟಿದಂತಾಗುತ್ತದೆ. ಪ್ಲೂಟೊ ಅಂದರೆ ಅವನಿಗೆ ಪ್ರಾಣ. ನಾಲ್ಕು ವರ್ಷದವನಿದ್ದಾಗಿನಿಂದ ಒಂದು ಪ್ಲೂಟೊ ಬೊಂಬೆ ಜೊತೆಗೇ ಮಲಗುತ್ತಾನೆ. ನಮಗೆ ಬೇರೆ ದಾರಿ ಇರಲಿಲ್ಲ, ತಿಂಡಿಗೆ ಬುಕ್ ಮಾಡಿದೆವು. ಮೂಲೆಯ ಮೇಜು ಕೊಡುತ್ತೀರಾ ಅಂತ ಕೇಳಿದೆ, ಕೊಟ್ಟರು. ಅವನಿಗೆ ಅವನ ಕುರ್ಚಿ, ಅವನ ತಟ್ಟೆ, ಪಕ್ಕದಲ್ಲಿ ನಾನು. ಪ್ಲೂಟೊ ಬಂದಾಗ ಅವನು ಮುಖ ನೋಡಲಿಲ್ಲ. ಬೊಂಬೆಯನ್ನು ಎತ್ತಿ ತೋರಿಸಿದ. ಪ್ಲೂಟೊ ಆ ಬೊಂಬೆಯ ತಲೆ ಸವರಿ, ಮೂಗಿನಿಂದ ಮೂಗು ಮುಟ್ಟಿ, ಆಮೇಲೆ ಇವನ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಎಷ್ಟು ಹೊತ್ತು ಕೂತಿದ್ದ ಅಂತ ನನಗೆ ನೆನಪಿಲ್ಲ, ನಾನು ಅಳುತ್ತಿದ್ದೆ.

ಎಷ್ಟು ಡಾಲರ್ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಮಗು ಯಾವುದು ಅನ್ನುವುದರ ಮೇಲೆ ಬೆಲೆ ಬದಲಾಗುತ್ತದೆ.

ಲೆಕ್ಕದಪುಸ್ತಕ

ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬರೆದಿದ್ದಕ್ಕೆ ಥ್ಯಾಂಕ್ಸ್.

ಸಕ್ಕರೆಡಬ್ಬಿ

ಅಕಸ್ಮಾತ್ ಯಾರಾದರೂ ಫ್ಲೋರಿಡಾ ಬಿಟ್ಟು ಕ್ಯಾಲಿಫೋರ್ನಿಯಾಗೆ ಹೋಗುವವರಿದ್ದರೆ: ಅನಹೈಮ್‌ನ ಡಿಸ್ನಿಲ್ಯಾಂಡ್‌ನಲ್ಲೂ ಇದೆ. ಡಿಸ್ನಿಲ್ಯಾಂಡ್ ಹೋಟೆಲಿನಲ್ಲಿ ಗೂಫೀಸ್ ಕಿಚನ್, ಪಾರ್ಕಿನೊಳಗೆ ಪ್ಲಾಜಾ ಇನ್. ಪಾರ್ಕಿನೊಳಗಿನದಕ್ಕೆ ಟಿಕೆಟ್ ಬೇಕು, ಹೋಟೆಲಿನದಕ್ಕೆ ಬೇಡ. ಲೆಕ್ಕಾಚಾರ ಅದೇ.

ಮಗಳಿಗೆ ರಾಜಕುಮಾರಿಯರೇ ಬೇಕು, ಕೋಟೆ ತುಂಬಾ ದುಬಾರಿ ಅನ್ನುವವರಿಗೆ ಎಪ್ಕಾಟ್‌ನ ಆಕರ್ಸ್‌ಹುಸ್ ನೋಡಿ. ನಾರ್ವೆ ವಿಭಾಗದಲ್ಲಿದೆ, ಕೋಟೆಗಿಂತ ಕಡಿಮೆ ಬೆಲೆ, ರಾಜಕುಮಾರಿಯರು ಅಲ್ಲೂ ಮೇಜಿಗೆ ಬರುತ್ತಾರೆ.

ಮುಂಜಾನೆ_ನಾಲ್ಕು

ನೀಲಿಬಾಗಿಲು, ನಿರ್ಧಾರ ಆಗಲಿ ಬಿಡಲಿ, ಬುಕಿಂಗ್ ದಿನ ಮರೆಯಬೇಡಿ. 60 ದಿನ ಮುಂಚೆ ತೆರೆಯುತ್ತದೆ. ಅಲ್ಲಿನ ಬೆಳಗ್ಗೆ ಆರರ ಸುಮಾರಿಗೆ. ಡಿಸ್ನಿ ಹೋಟೆಲಿನಲ್ಲೇ ಉಳಿಯುವವರಿಗೆ ಇನ್ನೊಂದು ಅನುಕೂಲ ಇದೆ. ನೀವು ಹೋಗಿ ಇಳಿಯುವ ದಿನಕ್ಕೆ 60 ದಿನ ಇರುವಾಗಲೇ ಇಡೀ ಪ್ರವಾಸದ್ದು ಬುಕ್ ಮಾಡಬಹುದು, 10 ದಿನದವರೆಗೆ. ಅಂದರೆ ಐದನೇ ದಿನದ ತಿಂಡಿಯನ್ನು ಬೇರೆಯವರಿಗಿಂತ ನಾಲ್ಕು ದಿನ ಮುಂಚೆ ಹಿಡಿಯಬಹುದು. ಅದಕ್ಕೇ ಪ್ರವಾಸದ ಕೊನೆಯ ದಿನಗಳಿಗೆ ಇಟ್ಟುಕೊಂಡರೆ ಸಿಗುವ ಸಾಧ್ಯತೆ ಜಾಸ್ತಿ. ಸಿಗದಿದ್ದರೆ ಬೇಸರ ಬೇಡ, ಜನ ರದ್ದು ಮಾಡುತ್ತಲೇ ಇರುತ್ತಾರೆ. ಹೋಗುವ ವಾರ ದಿನಕ್ಕೆ ಎರಡು ಮೂರು ಸಲ ಆ್ಯಪ್ ತೆರೆದು ನೋಡುತ್ತಿರಿ. ಬುಕ್ ಮಾಡಿ ಹೋಗದೆ ಇದ್ದರೆ ಮಾತ್ರ ತಲೆಗೆ ಇಷ್ಟು ಅಂತ ದಂಡ ಹಾಕುತ್ತಾರೆ, ಬೇಡ ಅನ್ನಿಸಿದರೆ ಸಮಯಕ್ಕೆ ಸರಿಯಾಗಿ ರದ್ದು ಮಾಡಿ.

ಹೂಬಿಸಿಲು

ಹಸ್ತಾಕ್ಷರದ ಪುಸ್ತಕ ಒಯ್ಯುವುದಾದರೆ ದಪ್ಪ ಪೆನ್ನು ಇಟ್ಟುಕೊಳ್ಳಿ. ಆ ದೊಡ್ಡ ಕೈಗವಸಿನಲ್ಲಿ ಸಣ್ಣ ಪೆನ್ನು ಹಿಡಿಯಲು ಅವರಿಗೆ ಕಷ್ಟ.

ನೀಲಿಬಾಗಿಲು

ನಿರ್ಧಾರ ಆಯಿತು. ಟೊಪೊಲಿನೋಸ್, ಐದನೇ ದಿನ, ಪಾರ್ಕ್ ಇಲ್ಲ, ಬೆಳಗ್ಗೆ 9:10ಕ್ಕೆ ಸಿಕ್ಕಿತು. ಗಂಡ ಒಂದು ಷರತ್ತು ಹಾಕಿದರು, ಇದಕ್ಕೆ ಬದಲು ಬೊಂಬೆ, ಟೀ ಶರ್ಟು ಅಂತ ಅಂಗಡಿಯಲ್ಲಿ ಏನೂ ಕೊಳ್ಳುವುದಿಲ್ಲ. ಮಗಳನ್ನೇ ಕೂರಿಸಿ ಕೇಳಿದೆವು, ಅಂಗಡಿಯಾ ತಿಂಡಿಯಾ ಅಂತ. ಒಂದು ಸೆಕೆಂಡೂ ಯೋಚಿಸಲಿಲ್ಲ. ಬಂದ ಮೇಲೆ ಬರೆಯುತ್ತೇನೆ.

ನೀಲಿಬಾಗಿಲು

ವಾಪಸ್ ಬಂದೆವು. ಮಾತು ಕೊಟ್ಟಿದ್ದೆನಲ್ಲ, ಬರೆಯುತ್ತೇನೆ.

ಬಿಲ್ ಮೊದಲು. ತೆರಿಗೆ, ಟಿಪ್ ಸೇರಿ 250 ಡಾಲರ್‌ಗೆ ಹತ್ತಿರ. ಲೆಕ್ಕದಪುಸ್ತಕ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಮಗ ನಮ್ಮ ತಟ್ಟೆಗಳಿಂದಲೇ ತಿಂದ. ಒಳಗೆ ಕೂತಿದ್ದು ಒಂದು ಗಂಟೆ ಇಪ್ಪತ್ತು ನಿಮಿಷ.

ಅತ್ತೆಗೆ ಎಲೆ ಗುರುತಿನ ತಿನಿಸು ಹೇಳಿದೆವು. ಬುಟ್ಟಿಯಲ್ಲಿ ಬಂದದ್ದನ್ನು ಅವರು ಮುಟ್ಟಲಿಲ್ಲ. ಕೇಳಿದ್ದಕ್ಕೆ ಬಡಿಸುವವರು ಅವರಿಗೆ ಅಂತ ಬೇರೆ ಏನೋ ತಂದುಕೊಟ್ಟರು. ಹಸಿರೆಲೆ, ನೀವು ಹೇಳದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ.

ಡೇಸಿ ಬಂದಾಗ ಮಗಳು ಎದ್ದು ನಿಂತಳು, ಮಾತೇ ಹೊರಡಲಿಲ್ಲ. ಆರು ತಿಂಗಳಿಂದ ಬಾಯಿ ಮುಚ್ಚದೆ ಇದನ್ನೇ ಮಾತಾಡಿದವಳು! ಡೇಸಿ ಅವಳ ಕೈ ಹಿಡಿದು ಒಂದು ಸುತ್ತು ತಿರುಗಿಸಿದಳು. ಆಮೇಲೆ ಮಿಕ್ಕಿ ಬಂದ. ಅವನು ಮೇಜಿಗೆ ಬಂದು ಮೊದಲು ನೋಡಿದ್ದು ಅತ್ತೆಯನ್ನು. ಬಗ್ಗಿ ಅವರ ಕೈ ಹಿಡಿದು ಮುತ್ತು ಕೊಟ್ಟ. ಅತ್ತೆ ನಕ್ಕ ನಗು ನಾನು ಮದುವೆಯಾಗಿ ಬಂದ ಮೇಲೆ ನೋಡಿದ್ದೇ ಇಲ್ಲ. ನನ್ನ ಗಂಡ ಫೋಟೋ ತೆಗೆಯುವುದನ್ನೇ ಮರೆತು ನೋಡುತ್ತಾ ನಿಂತರು. ಅದೃಷ್ಟಕ್ಕೆ ನಾನು ತೆಗೆದೆ. ಈಗ ಅತ್ತೆಯ ಫೋನಿನ ಮೇಲೆ ಅದೇ ಚಿತ್ರ.

ಮಗ ಅತ್ತ, ಹೂಬಿಸಿಲು ಹೇಳಿದ ಹಾಗೇ. ಡೊನಾಲ್ಡ್ ಬಂದಾಗ ಜೋರಾಗಿ ಅತ್ತ. ಎತ್ತಿಕೊಂಡು ಹೊರಗಿನ ಟೆರೇಸಿಗೆ ಹೋದೆ. ಅಲ್ಲಿಂದ ಸ್ಕೈಲೈನರ್ ಅನ್ನುವ ಕೇಬಲ್ ಕಾರಿನ ತೂಗುವ ಪೆಟ್ಟಿಗೆಗಳು ಹೋಗುವುದು ಕಾಣುತ್ತಿತ್ತು, ಅದನ್ನು ನೋಡುತ್ತಾ ಸುಮ್ಮನಾದ. ತಿಂಡಿ ಮುಗಿಸಿ ಎಲ್ಲರೂ ಅದನ್ನೇ ಹತ್ತಿದೆವು. ಅದಕ್ಕೆ ದುಡ್ಡಿಲ್ಲ. ಒಂದು ಗಂಟೆ ಅತ್ತಿಂದಿತ್ತ ಸುಮ್ನೆ ಓಡಾಡಿದೆವು. ಮಗನಿಗೆ ಇಡೀ ಪ್ರವಾಸದಲ್ಲಿ ಇಷ್ಟವಾಗಿದ್ದು ಅದೇ, ಕಾಗದದದೋಣಿ ಅವರ ಮಗನ ಮೋನೊರೈಲಿನ ಹಾಗೆ.

ಇನ್ನೊಂದು ಸಲ ಹೋದರೆ ಮಾಡುತ್ತೇವಾ? ಇಲ್ಲ. ಮಗಳು ನೋಡಿ ಆಯಿತು. ಮಗ ದೊಡ್ಡವನಾಗಿ ತಾನಾಗಿ ಕೇಳಿದರೆ ಅವನಿಗೊಂದು ಸಲ. ಈ ಸಲದ್ದಕ್ಕೆ ಮಾತ್ರ ನನಗೂ ಗಂಡನಿಗೂ ಒಂದು ಚೂರೂ ಬೇಸರ ಇಲ್ಲ.

ಕಾಗದದದೋಣಿ

ಓದಿ ತುಂಬಾ ಖುಷಿಯಾಯಿತು. ಅಂಗಡಿಯ ಷರತ್ತು ನಡೆಯಿತಾ?

ನೀಲಿಬಾಗಿಲು

ನಡೆಯಿತು. ಮಗಳು ಒಂದು ಸಲವೂ ಕೇಳಲಿಲ್ಲ. ಕೊನೆಯ ದಿನ ಅವಳ ಅಪ್ಪನೇ ಒಂದು ಪುಟ್ಟ ಡೇಸಿ ಬೊಂಬೆ ಕೊಡಿಸಿದರು.

ಹೊಸಚಪ್ಪಲಿ

ಮಾರ್ಚ್‌ನಲ್ಲಿ ನಾವು ಹೋಗುತ್ತಿದ್ದೇವೆ, ಪೂರ್ತಿ ಓದಿದೆ. ಒಂದೇ ಪ್ರಶ್ನೆ, ಕಾಫಿ, ಜ್ಯೂಸಿಗೆ ಬೇರೆ ದುಡ್ಡಾ? ನಮ್ಮ ಮಗಳಿಗೆ ಅದೇ ವಾರ 10 ತುಂಬುತ್ತದೆ.

ಲೆಕ್ಕದಪುಸ್ತಕ

ಮಾಮೂಲಿ ಕಾಫಿ, ಹಾಲು, ಜ್ಯೂಸು ಬೆಲೆಯಲ್ಲೇ ಸೇರಿದೆ. ಮದ್ಯಕ್ಕೆ ಬೇರೆ. ತಿಂಡಿಯನ್ನು ಹುಟ್ಟುಹಬ್ಬದ ಹಿಂದಿನ ದಿನ ಇಟ್ಟುಕೊಳ್ಳಿ, ಅವತ್ತು ಅವಳಿಗೆ ಇನ್ನೂ 9.